ಕಂಬಕ್ಕೆ ಸುತ್ತಿದ ಗೋಣಿ

ಹೈದರಾಬಾದಿನಲ್ಲಿ ನನ್ನನ್ನು ಮೊದಲು ದಂಗುಬಡಿಸಿದ್ದು ಸ್ವೆಟರ್. ರಣಬಿಸಿಲಿನ ಮಧ್ಯಾಹ್ನ ಎದುರಿನ ಗಾಜಿನ ಕಟ್ಟಡದಿಂದ ಕಂಪ್ಯೂಟರ್ ಕೆಲಸದ ಹುಡುಗಿಯರು ಸ್ವೆಟರ್ ತೊಟ್ಟು ಚಹಾಕ್ಕೆ ಬರುತ್ತಿದ್ದರು. ಒಳಗೆ ಅಷ್ಟು ಥಂಡಿಯಂತೆ! ಅದರ ಪಕ್ಕದ ಕಟ್ಟಡ ಕಟ್ಟಲು ಲಿಂಗಸುಗೂರಿನಿಂದ ಬಂದವರು ನಾವು. ನಮ್ಮ ತಗಡಿನ ಶೆಡ್ಡಿಗೆ ಕರೆಂಟೇ ಇರಲಿಲ್ಲ.

ಊರಲ್ಲಿ ನಮ್ಮದು ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ಒಳಗೆ ತಂಪು. ಇಲ್ಲಿ ತಗಡು ಕಾದ ಹಂಚು. ಎರಡು ತಿಂಗಳ ಮಗಳ ಮೈತುಂಬ ಬೆವರುಸಾಲೆ ಎದ್ದು, ಅವಳು ಹಾಲನ್ನೇ ಬಿಟ್ಟಳು. ಕೂಸು ಕೈಬಿಟ್ಟುಹೋಗುತ್ತದೆಂದು ನನ್ನ ಜೀವ ಬಾಯಿಗೆ ಬಂತು.

ಹೊಸ ಕಂಬ ಬಿರುಕು ಬಿಡಬಾರದೆಂದು ಅದಕ್ಕೆ ಗೋಣಿತಟ್ಟು ಸುತ್ತಿ ದಿನವಿಡೀ ನೀರುಣಿಸುತ್ತಾರೆ. ಎಂಥ ನ್ಯಾಯ ಇದು? ಸಿಮೆಂಟಿಗೆ ತಂಪು, ಹಸುಗೂಸಿಗೆ ಬೆಂಕಿ! ಅಂಥದೇ ಹರಿದ ಗೋಣಿಯೊಂದನ್ನು ತಂದು, ಬಿದಿರಿನ ಕೋಲಿಗೆ ಹೊಲಿದು, ತೊಟ್ಟಿಲ ಮೇಲೆ ತೂಗುಬಿಟ್ಟು ಹಗ್ಗ ಕಟ್ಟಿದೆ. ನೀರು ಚಿಮುಕಿಸಿ ಹಗ್ಗ ಎಳೆದರೆ ತಣ್ಣನೆ ಗಾಳಿ ಸುಳಿಯಿತು.

ಅತ್ತೆ ಹೌಹಾರಿದರು. “ಏನ್ ಮಾಡಾಕತ್ತಿ ಹುಚ್ಚಿ? ಬಾಣಂತಿಗೆ ಗಾಳಿ ಬಡದ್ರ ಜಲ್ಮಪೂರ್ತಿ ತಲಿಶೂಲಿ!”

“ಕೂಸಿಗೆ ಬೇಕಲ್ರಿ ಅತ್ತಿ.”

“ಹಂಗಾದ್ರ ನೀ ಹೊರಗ ಕುಂಡ್ರು. ನಾ ಎಳೀತೀನಿ.”

ಕಿವಿಗೆ ಅರಿವೆ ಕಟ್ಟಿಕೊಂಡು ಬಾಗಿಲ ಹೊರಗೆ ಕುಳಿತೆ. ಹೊತ್ತು ಮುಳುಗುವಷ್ಟರಲ್ಲಿ ಕೂಸು ಹಾಲು ಕುಡಿಯಿತು.

ಮರುದಿನ ಸೂಪರ್‌ವೈಜರ್ ಬಂದವನೇ ಗೋಣಿಗೆ ಕೈಹಾಕಿದ. “ಯೇ ಪಿಲ್ಲರ್ ಕಾ ಹೈ, ನಿಕಾಲೋ!” ಕಂಬದ್ದಂತೆ, ಬಿಚ್ಚಬೇಕಂತೆ! ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಹಗ್ಗ ಬಿಡದೆ, ಕೇಳಿದರು:

“ಕಂಬ ನೀರಡಿಸಿ ಅಳತೈತೇನ್ರಿ ಸಾಹೇಬ್ರ? ಈ ಕೂಸು ಅಳತೈತಿ. ಬಿಚ್ಚೋದಾದ್ರ ಮೊದ್ಲು ನನ್ನ ಕೈ ಮುರೀರಿ.”

ಅವನಿಗೆ ಕನ್ನಡ ಬಾರದು. ಆದರೂ ತಿಳಿಯಿತು. ಗೊಣಗುತ್ತ ಹೋದ.

ಈಗ ಆ ಕಟ್ಟಡ ಮುಗಿದಿದೆ. ಅಲ್ಲೂ ಸ್ವೆಟರಿನವರು ಬಂದಿದ್ದಾರೆ, ನಮ್ಮನ್ನು ಗೇಟಿನೊಳಗೂ ಬಿಡುವುದಿಲ್ಲ. ಇಲ್ಲಿ ನಾವು ‘ಕರ್ನಾಟಕ್‌ವಾಲೆ’. ಊರಿಗೆ ಹೋದರೆ “ಹೈದ್ರಾಬಾದಿನವ್ರು ಬಂದ್ರು” ಎನ್ನುತ್ತಾರೆ. ಮೊನ್ನೆ ತವರಿಗೆ ಹೋದಾಗ ಕರೆಂಟಿನ ಫ್ಯಾನು ತಿರುಗುತ್ತಿದ್ದರೂ ಮಗಳು ಮಲಗಲೊಲ್ಲಳು. ಹಗ್ಗದ ಕಿರ್ ಕಿರ್ ಸದ್ದು ಬೇಕು ಅವಳಿಗೆ. ಅಲ್ಲೂ ಒಂದು ಗೋಣಿ ಕಟ್ಟಿದೆ.

“ಫ್ಯಾನ್ ಐತಲ್ಲವ್ವಾ, ಇದ್ಯಾಕ?” ಎಂದು ಅವ್ವ ನಕ್ಕಳು.

ಮಗಳಿಗೆ ಊರೆಂದರೆ ಆ ತಗಡಿನ ಶೆಡ್ಡೇ ಎಂದು ಅವ್ವನಿಗೆ ಹೇಗೆ ಹೇಳಲಿ? ಅದನ್ನೂ ಕಿತ್ತುಹಾಕಿದ್ದಾರೆ.