ಕಟ್ಟದೆ ಬಿಟ್ಟ ಎಳೆ

ಕೊರೊನಾ ಮುಗಿದು ಮದುವೆಗಳು ಮತ್ತೆ ಜೋರಾಗಿ ಶುರುವಾದ ವರ್ಷ ಅದು. ಸೇಲಂನ ನಮ್ಮ ಬೀದಿಯಲ್ಲಿ ಬೆಳಗಾಗುವ ಮೊದಲೇ ಮಗ್ಗಗಳ ಸದ್ದು ಕೇಳುತ್ತಿತ್ತು. ಚೌಡೇಶ್ವರಿ ಅಮ್ಮನಿಗೆ ಹಬ್ಬದ ಸೀರೆ ನೇಯ್ದು ಕೊಡುವ ಸರದಿ ಆ ಸಲ ನಮ್ಮ ಮನೆಗೆ ಬಂದಿತ್ತು. ಬೀದಿಯ ಮನೆಗಳೆಲ್ಲ ಒಂದು ಸುತ್ತು ಮುಗಿಸಿ ಅದು ತಿರುಗಿ ಬರಲು ಹದಿನೈದು ವರ್ಷವಾದರೂ ಬೇಕು. ನನ್ನ ಅತ್ತೆಗೆ ಆಗಲೇ ಎಪ್ಪತ್ತೆಂಟು. "ಇದೊಂದು ಸೀರೆ ಅಮ್ಮನ ಮೈಮೇಲೆ ನೋಡ್ಬುಟ್ರೆ ಸಾಕವ್ವಾ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಮನೆಯಲ್ಲಿದ್ದದ್ದು ಒಂದೇ ಮಗ್ಗ. ಅದರ ಮೇಲೆ ಮಾರಂಡಹಳ್ಳಿಯ ಹುಡುಗಿಯೊಬ್ಬಳ ಕೆಂಪು ಧಾರೆ ಸೀರೆ ಇತ್ತು. ಅದು ಮುಗಿದರೆ ತಾನೇ ಅಮ್ಮನದು ಶುರು? ನನಗೋ ಹುಟ್ಟಿನಿಂದಲೇ ಆತುರ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಳ್ಳಲ್ಲ ನೋಡಿ. ನೇಯುವಾಗ ಸೀರೆಯ ಒಡಲಿನಲ್ಲಿ ಉದ್ದದ ಎಳೆಯೊಂದು ಕಡಿಯಿತು. ಕಣ್ಣಾರೆ ನೋಡಿದೆ. ಎದ್ದು ಕಟ್ಟಬೇಕಿತ್ತು. ಒಂದೆಳೆ ತಾನೇ ಎಂದು ಹಾಗೇ ನೇಯ್ದು ಮುಗಿಸಿ, ಆ ಎಳೆ ಇಲ್ಲದೆ ಗೆರೆ ಬಿದ್ದ ಭಾಗ ಒಳಗೆ ಬರುವಂತೆ ಮಡಚಿಟ್ಟೆ.

ಮರುದಿನದಿಂದ ಅಮ್ಮನ ಸೀರೆ ಹಿಡಿದೆ. ಅದೂ ಕೆಂಪೇ. ದಿನಾ ತಲೆಸ್ನಾನ, ಒಪ್ಪೊತ್ತು ಊಟ, ಮಗ್ಗದ ಮುಂದೆ ದೀಪ. ಅಬ್ಬಾ, ಏನು ಮಡಿ ನನ್ನದು! ಅರ್ಧಕ್ಕಿಂತ ಹೆಚ್ಚು ನೇಯ್ದಾಗಿತ್ತು. ಆ ಹುಡುಗಿಯ ಮದುವೆ ಹಬ್ಬಕ್ಕೂ ಮೊದಲೇ ಇತ್ತು; ಧಾರೆ ಸೀರೆ ಕಳಿಸುವ ಮುಂಚೆ ಅತ್ತೆ ಅದನ್ನು ಬಿಚ್ಚಿ, ಕಣ್ಣು ಮಂಜಾಗಿದ್ದರಿಂದ ಬೆರಳಲ್ಲೇ ಸವರಿ ನೋಡಿದರು. ಬೆರಳು ಒಂದು ಕಡೆ ನಿಂತಿತು.

"ಇಲ್ಲೊಂದು ಎಳೆ ಇಲ್ವಲ್ಲಾ. ನಿಂಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ವಿಡುಂಗ ಅತ್ತೆ, ಬಿಟ್ಬುಡಿ, ಯಾರ್ ನೋಡ್ತಾರೆ?" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. "ಅಮ್ಮನ ಸೀರೆಗೆ ಉಪವಾಸ ಇರ್ತೀಯ. ಆ ಮಗೀನ ಸೀರೆ ನೇಯೋವಾಗ ಅಮ್ಮ ಎಲ್ಲೋಗಿದ್ಲು? ಈ ಕೆಲ್ಸ ಕೊಟ್ಟೋಳೂ ಅವ್ಳೇ ಅಲ್ವಾ?" ಎಂದರು. ಆಮೇಲೆ, "ಮಗ್ಗದ ಮೇಲೈತಲ್ಲ, ಅದ್ನೇ ಮುಗ್ಸಿ ಆ ಉಡ್ಗಿಗೆ ಕಳ್ಸು" ಅಂದರು.

"ಅಯ್ಯಯ್ಯೋ! ಅಬ್ಬಕ್ಕೆ ಇನ್ನೊಂದು ನೇಯೋಕೆ ಟೈಮೇ ಇಲ್ಲ ಅತ್ತೆ! ನೀವು ಎಷ್ಟು ವರ್ಷದಿಂದ ಕಾಯ್ತಿದ್ದೀರಿ..."

"ಮುಹೂರ್ತ ನಿಲ್ಲಲ್ಲ. ಅಮ್ಮ ಹಳೇ ಸೀರೆ ಉಟ್ಕೊಂತಾಳೆ."

ಹೇಳುತ್ತಲೇ ಆ ಗೆರೆ ಬಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು. ಅಮ್ಮನ ಸೀರೆ ಮುಗಿಸಿ ಮಾರಂಡಹಳ್ಳಿಗೆ ಕಳಿಸಿದೆ.

ಹಬ್ಬದ ದಿನ ಹೂವು ಹಣ್ಣು ಮಾತ್ರ ಹಿಡಿದು ಗುಡಿಗೆ ಹೋದೆವು. ಬೀದಿಯ ಯಜಮಾನರು, "ಏನಮ್ಮಾ, ಸೀರೆ ಎಲ್ಲೈತೆ? ಈ ವಯಸ್ಸಲ್ಲಿ ಅಮ್ಮನ್ನೇ ಮರ್ತ್ಬುಟ್ಯಾ?" ಎಂದು ಅತ್ತೆಯನ್ನು ಎಲ್ಲರೆದುರು ಕೇಳಿದರು. ಅತ್ತೆ ತಲೆ ತಗ್ಗಿಸಿದರು. ನನ್ನ ಹೆಸರು ಹೇಳಲಿಲ್ಲ. ನಾನೇ ಮುಂದೆ ಬಂದೆ.

"ತಪ್ಪು ನಂದು. ಧಾರೆ ಸೀರೆ ಎಳೆ ಕಡ್ದಿದ್ದು ನೋಡಿದ್ರೂ ಕಟ್ಲಿಲ್ಲ. ಅದಕ್ಕೇ ಅಮ್ಮನ ಸೀರೆ ಆ ಉಡ್ಗಿಗೆ ಓಯ್ತು" ಎಂದು ಹೇಳಿ ಅತ್ತುಬಿಟ್ಟೆ. ಪೂಜೆ ಶುರು ಮಾಡುವಂತೆ ಯಜಮಾನರು ಪೂಜಾರಿಗೆ ಸನ್ನೆ ಮಾಡಿದರು. ಅಮ್ಮ ಆ ವರ್ಷ ಹೋದ ವರ್ಷದ ಸೀರೆಯನ್ನೇ ಉಟ್ಟಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಅತ್ತೆ ತೀರಿಕೊಂಡರು. ಕೊನೆಯವರೆಗೂ ಆ ವಿಷಯ ಒಂದು ಸಲವೂ ಎತ್ತಲಿಲ್ಲ. ಅಮ್ಮ ನನ್ನನ್ನು ಕ್ಷಮಿಸಿರಬಹುದು, ಗೊತ್ತಿಲ್ಲ. ಮುಂದಿನ ಸರದಿ ಬಂದಾಗ ನೇಯ್ದೇ ನೇಯುತ್ತೇನೆ. ಆದರೆ ನೋಡಬೇಕಾದವರು ಇರುವುದಿಲ್ಲ. ಎದ್ದು ಆ ಎಳೆ ಕಟ್ಟಲು ನನಗೆ ಎರಡು ನಿಮಿಷ ಸಾಕಿತ್ತು.