ಅತ್ತೆಯ ಕೇಸಿನಲ್ಲಿ ನನ್ನ ಸಾಕ್ಷಿ

ನಮ್ಮ ಸೋದರತ್ತೆ ಎಷ್ಟು ಎತ್ತರದ ಹೆಂಗಸೆಂದರೆ, ಖಾನಾವಳಿಗೆ ಜೋಳ ತರಲು ಸಂತೆಕಲ್ಲೂರಿಗೆ ಆಟೋದಲ್ಲಿ ಹೊರಟಾಗ ತಲೆ ಮೇಲಿನ ಸರಳಿಗೆ ತಾಗುತ್ತಿತ್ತು. ದಾರಿಯುದ್ದಕ್ಕೂ ಕತ್ತು ಒಂದು ಕಡೆ ವಾಲಿಸಿಕೊಂಡೇ ಕೂರುತ್ತಿದ್ದಳು. ಇಳಿದ ಮೇಲೆ ಎರಡೂ ಕೈಯಿಂದ ಕತ್ತು ತಿಕ್ಕಿಕೊಂಡು, "ದೇವರು ನನ್ನ ಮಾಡುವಾಗ ಅಳತಿ ಮರತಾನ" ಎಂದು ನಗುತ್ತಿದ್ದಳು.

ಅತ್ತೆ ನಮ್ಮ ಅಪ್ಪನ ಅಕ್ಕ. ಪಾಮನಕಲ್ಲೂರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ತವರಿಗೆ ಬಂದು ಕೂರದೆ ಲಿಂಗಸುಗೂರಿನಲ್ಲಿ ಒಂದು ಕೋಣೆ ಹಿಡಿದು ರೊಟ್ಟಿ ಖಾನಾವಳಿ ಇಟ್ಟಳು. ಸಿಂಧನೂರಿನ ಹತ್ತಿರದ ನಮ್ಮ ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಹೆಣ್ಣುಮಗು ಬಸ್ಸಿನಲ್ಲಿ ತಿರುಗುವುದು ಬೇಡ, ಓದು ಸಾಕು ಎಂದು ಅಪ್ಪ ಅಂದಾಗ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟವಳು ಅತ್ತೆ. ಡಿಗ್ರಿ ಮುಗಿಯುವವರೆಗೆ ಅವಳ ಮನೆಯಲ್ಲೇ ಬೆಳೆದೆ. ನಾನು ರೊಟ್ಟಿ ಬಡಿಯಲು ಕೂತರೆ ಎಬ್ಬಿಸುತ್ತಿದ್ದಳು: "ಏಳಬೇ, ಇದು ನನಗ ಬರತೈತಿ. ನನಗ ಬರಲಾರದ್ದು ನೀ ಕಲಿ."

ನನ್ನ ಕೊನೆಯ ವರ್ಷದಲ್ಲಿ ಅಜ್ಜ ತೀರಿಕೊಂಡ. ಶಿವಗಣಾರಾಧನೆ ಮುಗಿದ ಮೇಲೆ ಪಡಸಾಲೆಯಲ್ಲಿ ಹಿರಿಯರು ಕೂತರು. ಅಪ್ಪ ಒಂದು ಹೊಸ ಸೀರೆ ತಂದು ಅತ್ತೆಯ ಮುಂದಿನ ಹೊರಸಿನ ಮೇಲಿಟ್ಟು, "ಅಕ್ಕ, ಹೊಲದಾಗ ನಂದೇನೂ ಇಲ್ಲ ಅಂತ ಹಿರಿಯರ ಮುಂದ ಒಂದು ಮಾತು ಹೇಳಿಬಿಡು" ಅಂದ. ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ವಿಚಾರ ಮಾಡಿ ಹೇಳತೀನಿ" ಅಂದಳು ಅತ್ತೆ.

ಸೀರೆಯನ್ನು ಮುಟ್ಟಲೂ ಇಲ್ಲ. ಅದು ಹೊರಸಿನ ಮೇಲೆಯೇ ಉಳಿಯಿತು. ಇದಿಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಖಾನಾವಳಿಗೆ ಊಟಕ್ಕೆ ಬರುತ್ತಿದ್ದ ವಕೀಲರೊಬ್ಬರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲಿದೆಯೆಂದು ಅತ್ತೆಗೆ ತಿಳಿಯಿತು. ಎರಡು ಸಲ ಅಪ್ಪನನ್ನು ಬಾಯಿಬಿಟ್ಟು ಕೇಳಿದಳು. "ಕೋರ್ಟಿಗೆ ಹೋದಿ ಅಂದ್ರ ತವರು ಬಾಗಿಲು ಮುಚ್ಚತೈತಿ" ಎಂದ ಅಪ್ಪ. "ಮುಚ್ಚಿದ ಬಾಗಿಲ ಮುಂದ ಎಷ್ಟು ದಿನ ನಿಂದರಲೋ ತಮ್ಮಾ? ನಾನೂ ಅದೇ ಅಪ್ಪನ ಮಗಳು" ಎಂದು ಅತ್ತೆ ಸಿಂಧನೂರಿನ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಿದಳು. ಆ ವರ್ಷದಿಂದ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯುವುದು ನಿಂತಿತು. ತಾರೀಖು ಬಂದಾಗಲೆಲ್ಲ ಅವಳು ಕಾಗದಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಮಸ್ಕಿಯ ಮೇಲೆ ಬರುವ ಬಸ್ಸು ಹಿಡಿದು ಒಬ್ಬಳೇ ಬರುತ್ತಿದ್ದಳು.

ಆಗ ನಾನು ಡಿಗ್ರಿ ಮುಗಿಸಿ ಅಪ್ಪನ ಮನೆಗೆ ಮರಳಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮದುವೆ ಗೊತ್ತಾಗಿತ್ತು. ಒಂದು ಭಾನುವಾರ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. "ನಾವು ಗಂಡಸರು ಹೇಳಿದ್ರ ಜಡ್ಜ್ ಸಾಹೇಬರು ನಂಬಂಗಿಲ್ಲವ್ವಾ. ನೀ ಆಕಿ ಮನ್ಯಾಗ ಬೆಳದಾಕಿ. ಆಕಿ ಒಪ್ಪಿ ಸೀರಿ ತಗೊಂಡಳು ಅಂತ ನೀ ಹೇಳಿದ್ರ ಕೇಸು ಅಲ್ಲಿಗೇ ಮುಗೀತೈತಿ. ಇಲ್ಲಂದ್ರ ಈ ರಂಪ ಕೇಳಿ ನಿನ್ನ ಸಂಬಂಧಾನೂ ಮುರೀತೈತಿ."

ಮದುವೆಗೆ ಹೆದರಿ ಒಪ್ಪಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಮನೆಯ ದೊಡ್ಡ ಮಾತಿಗೆ ಅಪ್ಪ ನನ್ನನ್ನು ಕರೆದು ಕೂರಿಸಿದ್ದು ಅದೇ ಮೊದಲು. ನನ್ನಿಂದ ಅವನಿಗೊಂದು ಕೆಲಸವಾಗಬೇಕಿತ್ತು. ಅದು ನನಗೆ ಹಿತವೆನಿಸಿತ್ತು.

ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದೆ. ಅತ್ತೆಯ ವಕೀಲರು ಕೇಳಿದರು: "ಸೀರೆ ತಗೊಂಡ್ರಾ ನಿಮ್ಮ ಅತ್ತೆ?"

"ತಗೊಂಡಳು."

"ಏನಂದ್ರು?"

"ನನಗೇನೂ ಬ್ಯಾಡ ಅಂದಳು."

ಹಿಂದಿನ ಬೆಂಚಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕಾಣುತ್ತಿದ್ದ ಅತ್ತೆ ಒಮ್ಮೆ ನನ್ನತ್ತ ನೋಡಿ, ತಲೆ ಬಗ್ಗಿಸಿದಳು. ನಾಚಿಕೆಪಡಬೇಕಾದವಳು ನಾನು, ತಲೆ ತಗ್ಗಿಸಿದವಳು ಅವಳು.

ಹೊರಗೆ ಬಂದಾಗ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ಕಂಡು ಕರೆದಳು: "ಬಾ, ಎರಡು ತುತ್ತು ಉಣ್ಣು. ಹಸಗೊಂಡು ಸುಳ್ಳು ಹೇಳಬಾರದವ್ವಾ, ನಾಲಿಗಿ ತಡವರಸತೈತಿ."

ಗೇಟಿನ ಹತ್ತಿರ ಅಪ್ಪ ನೋಡುತ್ತಿದ್ದ. ನಾನು ಹೋಗಲಿಲ್ಲ.

ಆ ಕೋರ್ಟಿನಲ್ಲಿ ಅತ್ತೆ ಸೋತಳು. ಹಿರಿಯರ ಮುಂದೆ ಹಕ್ಕು ಬಿಟ್ಟಿದ್ದಾಳೆಂಬುದಕ್ಕೆ ಅವಳೇ ಸಾಕಿದ ಹುಡುಗಿಯ ಮಾತು ಸಾಕಾಗಿತ್ತು. ಅವಳು ಮೇಲ್ಮನವಿ ಹಾಕಿದಳು. ಅದು ವರ್ಷಗಟ್ಟಲೆ ಎಳೆಯಿತು. ಈ ನಡುವೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, ಬರೀ ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ನಂಬಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಅತ್ತೆಯ ಮೇಲ್ಮನವಿ ಗೆದ್ದಿತು. ನೋಂದಣಿಯಾದ ಕಾಗದವಿಲ್ಲದೆ ಬರೀ ಸಾಕ್ಷಿಯ ಮಾತಿನಿಂದ ಹೆಣ್ಣುಮಗಳ ಹಕ್ಕು ಹೋಗುವುದಿಲ್ಲವೆಂದು ತೀರ್ಪಾಯಿತು. ನನ್ನ ಸುಳ್ಳು ಅಲ್ಲಿಗೆ ಕೆಲಸಕ್ಕೆ ಬಾರದಂತಾಯಿತು. ಅದರಲ್ಲಿ ನನ್ನ ಪಾಲೇನೂ ಇರಲಿಲ್ಲ.

ಅಳತೆಯಾಗಿ ಕಾಲುವೆ ಮಗ್ಗುಲಿನ ಹೊಲ ಅವಳ ಹೆಸರಿಗೆ ಬಂತು. ಊರಿನವರು ಯಾರೂ ಅದನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡಲು ಮುಂದೆ ಬರಲಿಲ್ಲ. ಅವಳು ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತನೊಬ್ಬನನ್ನು ಕರೆತಂದು ಭತ್ತ ಹಚ್ಚಿಸಿದಳು. ಮೊದಮೊದಲು ನಮ್ಮ ಊರ ಹೆಂಗಸರು ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಲಿಂಗಸುಗೂರಿನ ಬಸ್ಸು ಹತ್ತಿ ಖಾನಾವಳಿಗೆ ಹೋಗತೊಡಗಿದರು. ಅತ್ತೆ ಮೊದಲು ಊಟಕ್ಕೆ ಹಾಕಿ, ಆಮೇಲೆ ಯಾವ ಕಾಗದ ಬೇಕು, ಎಲ್ಲಿ ಸಿಗುತ್ತದೆ ಎಂದು ಹೇಳುತ್ತಿದ್ದಳಂತೆ. "ಕೋರ್ಟಂದ್ರ ಜಗಳ ಅಲ್ಲವ್ವಾ. ಮನ್ಯಾಗ ಕೇಳಿದ್ರ ಕೇಳಸಲಿಲ್ಲ, ಅದಕ್ಕ ಅಲ್ಲಿ ಹೋಗಿ ಕೇಳೋದು." ಆದರೆ ಯಾವ ಕೋರ್ಟೂ ಅವಳನ್ನು ಮತ್ತೆ ಪಂಚಮಿಗೆ ಕರೆಸಲಿಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡ. ಅಪ್ಪನ ಹೊಲಕ್ಕೆ ವಾರಸಾ ಮಾಡಿಸುವಾಗ ನನ್ನ ತಮ್ಮ ತಾನಾಗಿಯೇ ನನ್ನ ಹೆಸರನ್ನೂ ಸೇರಿಸಿದ. "ಅತ್ತಿ ಕೇಸು ಆದ ಮ್ಯಾಲೆ ಹೆಣ್ಣುಮಕ್ಕಳನ್ನ ಬಿಟ್ಟು ಬರಸಾಕ ಯಾರೂ ಧೈರ್ಯ ಮಾಡಂಗಿಲ್ಲಕ್ಕ" ಅಂದ. ನನ್ನ ಪಾಲಿಗಾಗಿ ನಾನು ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ, ಯಾರ ಬೈಗುಳವನ್ನೂ ಕೇಳಲಿಲ್ಲ. ಪಹಣಿಯಲ್ಲಿ ನನ್ನ ಹೆಸರು ಬಂತು.

ಅದನ್ನು ಹಿಡಿದು ಲಿಂಗಸುಗೂರಿಗೆ ಹೋದೆ. ಅತ್ತೆ ಹಾಸಿಗೆ ಹಿಡಿದಿದ್ದಳು. ಪಹಣಿಯನ್ನು ಕಣ್ಣಿನ ಹತ್ತಿರ ತಂದುಕೊಂಡು ಓದಿದಳು. ಹೆಸರಿನ ಮೇಲೆ ಬೆರಳಿಟ್ಟು, "ಬಂತಲ್ಲ, ಆತು" ಅಂದಳು. ಅವಳ ಮುಖದಲ್ಲಿದ್ದದ್ದು ಬರೀ ಸಂತೋಷ. ಅದನ್ನು ನೋಡಲಾರದೆ ನಾನು ಬಾಯಿಬಿಟ್ಟೆ.

"ಅತ್ತಿ, ಅವತ್ತು ಕೋರ್ಟಿನ್ಯಾಗ ನಾ..."

"ಗೊತ್ತೈತಿ ಬಿಡು."

"ತಪ್ಪಾತು ಅತ್ತಿ."

ಅವಳು ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮುಂದ ಯಾಕ ಹೇಳಾಕತ್ತಿ? ನನಗ ಮೊದಲೇ ಗೊತ್ತಿತ್ತು. ಗೊತ್ತಿರಲಾರದವರು ಅಲ್ಲಿ ಖುರ್ಚಿ ಮ್ಯಾಲೆ ಕುಂತಿದ್ರು. ಅವರ ಮುಂದ ಹೇಳಬೇಕಾಗಿತ್ತು."

ಇಪ್ಪತ್ತು ದಿನಗಳಲ್ಲಿ ಅತ್ತೆ ಹೋದಳು. ಮಣ್ಣಿಗೆ ನಮ್ಮ ಊರಿನಿಂದ ಗಂಡಸರು ಬಂದದ್ದು ಕಡಿಮೆ. ಹೆಂಗಸರು ಒಂದು ಟ್ರ್ಯಾಕ್ಟರ್ ತುಂಬ ಬಂದಿದ್ದರು. ಅವರಲ್ಲೊಬ್ಬಳು ನನ್ನ ಕೈ ಹಿಡಿದು, "ನೀ ಪುಣ್ಯವಂತಿ ಬಿಡವ್ವಾ, ಇಂಥಾಕಿ ಕೈಯಾಗ ಬೆಳದಿ" ಎಂದು ಅತ್ತಳು. ನಾನು ಏನು ಸಾಕ್ಷಿ ಹೇಳಿದ್ದೆನೆಂಬುದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ಅದೇ ಸಮಯವಾಗಿತ್ತು, ಸುತ್ತ ಎಲ್ಲರೂ ಇದ್ದರು.

ಆಗಲೂ ನಾನು ಹೇಳಲಿಲ್ಲ.