ದೊಡ್ಡವ್ವ ಮುಗಿಸದೆ ಬಂದ ಸುತ್ತು

ಕಳೆದ ತಿಂಗಳು ನಾಗಣಸೂರಿನಿಂದ ಅಕ್ಕಲಕೋಟಕ್ಕೆ ಬರುತ್ತಿದ್ದ ಎಸ್‌ಟಿ ಬಸ್ಸು ಊರ ಹೊರಗೆ ನಿಂತುಬಿಟ್ಟಿತು. "ಬ್ರೇಕ್ ಜಾಮ ಆಗ್ಯಾವ, ಇಳೀರಿ" ಎಂದ ಕಂಡಕ್ಟರ್. ಇಳಿದು ಹಿಂದಿನ ಚಕ್ರದ ಬಳಿ ನಿಂತಾಗ ಆ ವಾಸನೆ ಬಂದಿತು. ಅದು ಸುಟ್ಟ ರಬ್ಬರಿನದೂ ಅಲ್ಲ, ಕಾದ ಕಬ್ಬಿಣದ್ದೂ ಅಲ್ಲ. ಎರಡರ ನಡುವಿನ ಒಂದು ಘಾಟು. ಉಳಿದ ಪ್ರಯಾಣಿಕರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಂದು ಉಸಿರು ಎಳೆದುಕೊಂಡೆ. ಇದೇ ಘಾಟಿನ ನಡುವೆ ನಿಂತು, ಜರ್ಮನಿಯ ಒಂದು ಗುಡ್ಡದ ನೆತ್ತಿಯಲ್ಲಿ, "ನಮ್ಮ ಗುಡಿಯೊಳಗಿನ ಧೂಪಕ್ಕಿಂತ ಸ್ವಲ್ಪ ಜೋರ ಅದ, ಅಷ್ಟ" ಎಂದು ಹೇಳಿದ ಹೆಂಗಸೊಬ್ಬರು ನನಗೆ ನೆನಪಾದರು…

ಅವರು ಸೋಲಾಪುರದಲ್ಲಿ ನಮ್ಮ ಎದುರುಮನೆಯವರು. ಮನೆತನದ್ದು ಚಾದರದ ವ್ಯಾಪಾರ. ಹಿರಿಯ ಸೊಸೆಯಾಗಿ ಬಂದ ಅವರನ್ನು ಇಡೀ ಗಲ್ಲಿ ದೊಡ್ಡವ್ವ ಎಂದು ಕರೆಯುತ್ತಿತ್ತು. ಸಂಬಂಧದಿಂದ ಹಾಗೆ ಕರೆಯುವ ಹಕ್ಕು ಇದ್ದದ್ದು ಮೈದುನನ ಮಗನೊಬ್ಬನಿಗೆ. ಅಂಗಡಿಯನ್ನು ಆಗ ಅವನೇ ನೋಡಿಕೊಳ್ಳುತ್ತಿದ್ದ. ಗಂಡ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ದೊಡ್ಡವ್ವ ಕಾರು ಕಲಿತರು. ಮನೆಯವರು ಇದನ್ನು ಒಂದು ಋತುವಿನ ಹುಚ್ಚು ಎಂದುಕೊಂಡಿದ್ದರು. ಅದು ಹುಚ್ಚಾಗಿರಲಿಲ್ಲ. ಪ್ರತಿ ಗುರುವಾರ ಬೆಳಿಗ್ಗೆ ಅವರ ಬಿಳಿ ಕಾರು ಗಲ್ಲಿಯಿಂದ ಹೊರಟು ಅಕ್ಕಲಕೋಟದ ದಾರಿ ಹಿಡಿಯುತ್ತಿತ್ತು. ಅಲ್ಲಿ ಆಲದ ಮರದ ಗುಡಿಗೆ ಪ್ರದಕ್ಷಿಣೆ ಹಾಕಿ, ಮಧ್ಯಾಹ್ನದ ಊಟಕ್ಕೆ ಮರಳುತ್ತಿದ್ದರು. ಅನೇಕ ಗುರುವಾರ ಪಕ್ಕದ ಸೀಟಿನಲ್ಲಿ ನಾನಿರುತ್ತಿದ್ದೆ. ನಾನು ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವಳು. ಆ ಕಾರಣಕ್ಕೆ ಅವರು ನನಗಿಟ್ಟ ಹೆಸರು ಡಾಕ್ಟರೀಣಬಾಯಿ. ಅಪರಿಚಿತರಿಗೆ ಪರಿಚಯಿಸುವಾಗ "ಗುಳಿಗಿ ಕೊಡಲಾರದ ಡಾಕ್ಟರೀಣಬಾಯಿ" ಎಂದು ಪೂರ್ತಿ ಮಾಡುತ್ತಿದ್ದರು.

ಆ ಸುತ್ತಿನ ಕಥೆ ಶುರುವಾದದ್ದು ಅಂಗಡಿಯ ಗೋಡೆಯಲ್ಲಿ. ಜರ್ಮನಿಯ ಗಿರಾಕಿಯೊಬ್ಬರು ಕಳಿಸಿದ ಕ್ಯಾಲೆಂಡರಿನಲ್ಲಿ ಆಕಾಶದಿಂದ ತೆಗೆದ ಒಂದು ಚಿತ್ರವಿತ್ತು. ದಟ್ಟ ಕಾಡು, ನಡುವೆ ಗುಡ್ಡದ ಮೇಲೊಂದು ಹಳೆಯ ಕೋಟೆ, ಕೋಟೆಯನ್ನು ಬಹು ದೂರದಿಂದ ಬಳಸಿ ಅಂಕುಡೊಂಕಾಗಿ ಹೋಗುವ ಡಾಂಬರು ದಾರಿ. ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದು ಯಾವ ದೇವರ ಪ್ರದಕ್ಷಿಣಿ ದಾರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಮೈದುನನ ಮಗ. "ದೊಡ್ಡವ್ವ, ಅದು ಗಾಡಿ ರೇಸಿನ ದಾರಿ. ಅಲ್ಲಿ ಮಂದಿ ಪುಣ್ಯಾ ಗಳಸಾಕ ಹೋಗೂದಿಲ್ಲ, ಸಾಯಾಕ ಹೋಗತಾರ!" ದೊಡ್ಡವ್ವ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ, ಸುರುಳಿ ಸುತ್ತಿ, ನೇರ ನಮ್ಮ ಮನೆಗೆ ತಂದರು. "ಖರೇ ಏನದ ನೋಡಿ ಹೇಳು. ಅವರ ನಗೀಗೆ ನನಗ ಉತ್ತರ ಬೇಕು."

ಶಾಸನ, ಕೈಫಿಯತ್ತುಗಳಲ್ಲಿ ವೃತ್ತಿಜೀವನ ಕಳೆದವಳಿಗೆ ಮೋಟಾರು ಪಂದ್ಯದ ದಾರಿ ಹೊಸ ವಿಷಯವೇ. ಆದರೆ ವಿಧಾನ ಹೊಸದಲ್ಲ. ಒಂದು ಮೂಲ ಹೇಳಿದ್ದನ್ನು ಇನ್ನೊಂದು ಒಪ್ಪುವ ತನಕ ಒಪ್ಪಬಾರದು. ಹಾಗೆ ಸೋಸಿ ಉಳಿದದ್ದು ಇಷ್ಟು. ಆ ದಾರಿಯ ಹೆಸರು ನ್ಯೂರ್‌ಬರ್ಗ್‌ರಿಂಗ್. ಐಫೆಲ್ ಎಂಬ ಬಡ ಗುಡ್ಡಗಾಡಿನಲ್ಲಿ ೧೯೨೫ರ ಸೆಪ್ಟೆಂಬರಿನಲ್ಲಿ ಕೆಲಸ ಆರಂಭವಾಯಿತು. ೧೯೨೭ರ ಜೂನಿನಲ್ಲಿ ಮೊದಲ ಪಂದ್ಯ ನಡೆಯಿತು. ಕಟ್ಟಿದ್ದರ ಒಂದು ಉದ್ದೇಶ ಕೆಲಸವಿಲ್ಲದ ಜನರಿಗೆ ಕೂಲಿ ಒದಗಿಸುವುದು. ಇದನ್ನು ಓದಿ ಹೇಳಿದಾಗ ದೊಡ್ಡವ್ವ, "ರೋಜಗಾರ ಹಮಿ ಅಂತನ್ನು. ಬರ ಬಿದ್ದಾಗ ನಮ್ಮ ಕಡೆ ಕೂಲಿಗೆ ಕೆರಿ ಕಟ್ಟಿದರು, ಅವರು ಸುತ್ತು ಕಟ್ಟಿದರು" ಎಂದು ತಲೆಯಾಡಿಸಿದರು.

ಇಂದು ಉಳಿದಿರುವ ಉತ್ತರದ ಸುತ್ತು ಸುಮಾರು ಇಪ್ಪತ್ತೊಂದು ಕಿಲೋಮೀಟರು. ತಗ್ಗಿಗೂ ದಿಬ್ಬಕ್ಕೂ ಮುನ್ನೂರು ಮೀಟರಿನಷ್ಟು ಅಂತರ. ತಿರುವುಗಳು ಎಪ್ಪತ್ತಮೂರು ಎನ್ನುವ ಮೂಲಗಳಿವೆ, ನೂರೈವತ್ತಕ್ಕೂ ಹೆಚ್ಚು ಎನ್ನುವವೂ ಇವೆ. ಯಾವುದನ್ನು ತಿರುವು ಎನ್ನಬೇಕು ಎಂಬುದರಲ್ಲೇ ಒಮ್ಮತವಿಲ್ಲದ ಕಾರಣ ನಾನು ಎರಡನ್ನೂ ಬರೆದಿಟ್ಟುಕೊಂಡೆ. ಒಂದು ಅಂಚಿನಲ್ಲಿ ಬಿಸಿಲಿದ್ದರೆ ಇನ್ನೊಂದು ಅಂಚಿನಲ್ಲಿ ಮಳೆ. ಜಗತ್ತಿನ ಗಟ್ಟಿಗ ಚಾಲಕರೇ ಅದನ್ನು ಹಸಿರು ನರಕ ಎಂದು ಕರೆದರು. ೧೯೭೬ರ ಆಗಸ್ಟ್ ಮೊದಲ ದಿನ ನಡೆದ ಭೀಕರ ಬೆಂಕಿಯ ಅಪಘಾತದ ನಂತರ ಫಾರ್ಮುಲಾ ಒನ್ ಪಂದ್ಯ ಆ ಹಳೆಯ ಸುತ್ತಿಗೆ ಮರಳಲಿಲ್ಲ. ಅಪಘಾತವೇ ಅದಕ್ಕೆ ಕಾರಣವೆಂದು ಎಲ್ಲರೂ ಬರೆಯುತ್ತಾರೆ. ಆ ವರ್ಷವೇ ಕೊನೆಯದೆಂಬ ನಿರ್ಧಾರ ಅಪಘಾತಕ್ಕೂ ಮೊದಲೇ ಆಗಿತ್ತು ಎನ್ನುವ ಬರಹಗಳು ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸಿದವು. ಅಷ್ಟುದ್ದದ ದಾರಿಯಲ್ಲಿ ನೆರವಿನ ಗಾಡಿ ಬೇಕಾದ ಜಾಗಕ್ಕೆ ಬೇಗ ತಲುಪುವುದೇ ಆಗದ ಮಾತಾಗಿತ್ತು.

ದೊಡ್ಡವ್ವನಿಗೆ ಬೇಕಾಗಿದ್ದದ್ದು ಎರಡೇ ಸಂಗತಿ. ಗಾಡಿಗಳು ಯಾವ ದಿಕ್ಕಿಗೆ ತಿರುಗುತ್ತವೆ? ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಂದೆ. ಕೋಟೆ ಒಳಗೆ ಉಳಿಯುತ್ತದೆಯೋ ಹೊರಗೋ? ಒಳಗೆ, ಬಲಗಡೆಗೆ. ಹನ್ನೆರಡನೆಯ ಶತಮಾನದಷ್ಟು ಹಳೆಯದು. ಅವರ ಮುಖ ಅರಳಿತು.

"ಬಲಕ್ಕ ಕಿಲ್ಲಾ ಇಟ್ಟು ತಿರಗತಾರಲ್ಲ? ಹಂಗಾದ್ರ ಪ್ರದಕ್ಷಿಣೀನ ಅದು. ಅವರಿಗೆ ಗೊತ್ತಿಲ್ಲ, ಅಷ್ಟ."

ಪಂದ್ಯವಿಲ್ಲದ ದಿನಗಳಲ್ಲಿ ಸುಂಕ ಕೊಟ್ಟು ಯಾರು ಬೇಕಾದರೂ ತಮ್ಮ ಗಾಡಿ ಓಡಿಸಬಹುದು, ಈ ರೂಢಿ ಮೊದಲ ವರ್ಷದಿಂದಲೇ ಇದೆ, ಎಂದು ನಾನು ಹೇಳಿದ್ದೇ ತಡ, ಕಥೆ ಗೋಡೆಯಿಂದ ಇಳಿದು ದಾರಿಗೆ ಬಂದಿತು. ಅವರಿಗೆ ಹೋಗಬೇಕಿತ್ತು.

ಮೈದುನನ ಮಗನಿಗೆ ಬೇರೊಂದು ಚಿಂತೆ ಇತ್ತು. ದೊಡ್ಡವ್ವನ ವಯಸ್ಸು ಅರವತ್ತೈದು ದಾಟಿತ್ತು. ಅಕ್ಕಲಕೋಟದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಗಲ್ಲಿಯಲ್ಲಿ ಟೀಕೆ. ಕಾರಿನ ಕೀಲಿಯನ್ನು ಅವರ ಸೊಂಟದ ಚೀಲದಿಂದ ಹೊರತೆಗೆಯುವುದು ಹೇಗೆಂದು ಅವನು ಬಹಳ ದಿನದಿಂದ ದಾರಿ ಹುಡುಕುತ್ತಿದ್ದ. ಆ ಕೀಲಿ ಹೋದರೆ ದೊಡ್ಡವ್ವನ ಗುರುವಾರಗಳೇ ಹೋದಂತೆ. ಇದು ಅವನಿಗೂ ಗೊತ್ತಿತ್ತು, ಅವರಿಗೂ. ಗಿರಾಕಿಯನ್ನು ಕಾಣಲು ಅವನು ಜರ್ಮನಿಗೆ ಹೊರಡುವುದಿತ್ತು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಸೌದಾ ಮುಂದಿಟ್ಟ.

"ಬಾ ದೊಡ್ಡವ್ವ, ಕರಕೊಂಡ ಹೋಗತೀನಿ. ಒಂದು ಸುತ್ತು ಹೊಡಿ, ಹೌಸ ತೀರಿಸ್ಕೋ. ಆಮ್ಯಾಲ ಗಾಡಿ ಕೀಲಿ ನನ್ನ ಕೈಯಾಗ. ಅಕ್ಕಲಕೋಟಕ್ಕ ಡ್ರೈವರ್ ಬರತಾನ."

"ಪೂರಾ ಒಂದು ಸುತ್ತು?"

"ಪೂರಾ."

"ಸುತ್ತು ಪೂರಾ ಆಗಿಂದ ಕೀಲಿ. ಅದಕ್ಕಿಂತ ಮದಲ ಕೈ ಚಾಚಬಾರದು."

"ಬರಾಬರ."

"ಡಾಕ್ಟರೀಣಬಾಯಿ, ನೀ ಸಾಕ್ಷಿ."

ಇಷ್ಟು ಸುಲಭವಾಗಿ ಅವರು ಒಪ್ಪಿದ್ದು ನನಗೆ ಸಂಕಟ ತಂದಿತು. ಆದರೆ ಹಿಂದಿನ ದಿನ ನಡೆದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ದಾಖಲಿಸಲೇಬೇಕು. ಅಕ್ಕಿ ಆರಿಸುತ್ತ ಕುಳಿತಿದ್ದ ದೊಡ್ಡವ್ವ, "ಎಲ್ಲಿ ಒಳಗ ಬಿಡತಾರ, ಎಲ್ಲಿ ಹೊರಗ ಹಾಕತಾರ, ಅದನ್ನ ಇನ್ನೊಮ್ಮೆ ಓದು" ಎಂದಿದ್ದರು. ನಾನು ಓದಿದೆ. ಅವರು ಹೂಂ ಎಂದರು. ಒಂದು ಕಲ್ಲು ಹೆಕ್ಕಿ ಎಸೆದರು… ನನಗೆ ಅದು ಬರಿಯ ಎಚ್ಚರಿಕೆ ಎನಿಸಿತ್ತು.

ಸಾಕ್ಷಿಯಾಗಿ ನಾನೂ ಸೇರಿ ಮೂವರು ಹೋದದ್ದು ಮೇ ತಿಂಗಳಲ್ಲಿ ಎಂದು ನನ್ನ ನೆನಪು ಹೇಳುತ್ತದೆ. ಪಾಸ್‌ಪೋರ್ಟಿನ ಮುದ್ರೆ ಸೆಪ್ಟೆಂಬರ್ ಎನ್ನುತ್ತದೆ. ಮುದ್ರೆಯನ್ನೇ ನಂಬುತ್ತೇನೆ. ಚಳಿಯಿತ್ತು, ದೊಡ್ಡವ್ವ ಇಳಕಲ್ ಸೀರೆಯ ಮೇಲೆ ಮೈದುನನ ಮಗನ ಸ್ವೆಟರ್ ತೊಟ್ಟಿದ್ದರು. ಸುತ್ತಿನ ಬಳಿಯ ಅಂಗಡಿಯೊಂದು ಅದಕ್ಕೆಂದೇ ಗಾಡಿ ಬಾಡಿಗೆಗೆ ಕೊಡುತ್ತಿತ್ತು. ಗೇರು ಹಾಕುವ ಗೋಜಿಲ್ಲದ ಒಂದು ಸಣ್ಣ ಕಾರನ್ನು ಆರಿಸಿದೆವು. ಸ್ಟಿಯರಿಂಗ್ ಎಡಗಡೆಗೆ ಇದ್ದದ್ದಕ್ಕೆ ಹೊಂದಿಕೊಳ್ಳಲು ಅವರು ಹಿಂದಿನ ಎರಡು ದಿನ ಹಳ್ಳಿಯ ದಾರಿಗಳಲ್ಲಿ ಓಡಿಸಿ ಅಭ್ಯಾಸ ಮಾಡಿದ್ದರು. ಬಾಡಿಗೆಯ ಹುಡುಗಿ ನಿಯಮ ವಿವರಿಸಿದಳು. ನಿಧಾನದವರು ಬಲಕ್ಕೆ ಇರಬೇಕು, ದೀಪ ಹಾಕಿ ವೇಗದವರಿಗೆ ಎಡಗಡೆಯಿಂದ ದಾರಿ ಬಿಡಬೇಕು. ನಾನು ಕನ್ನಡಕ್ಕೆ ತಂದೆ. ದೊಡ್ಡವ್ವನಿಗೆ ಇದು ತೀರ ಸಹಜವಾಗಿ ಕಂಡಿತು. "ಸಾವಕಾಶ ಹೋಗವರು ದೇವರ ಸಮೀಪ, ಅವಸರದವರು ದೂರ. ಅಕ್ಕಲಕೋಟದಾಗೂ ಹಂಗ ಅದ."

ಸುಂಕದ ಬಾಗಿಲಿನ ಕಂಬಿ ಎದ್ದಿತು. ಒಳಹೊಕ್ಕೆವು.

ಮುಂದಿನ ಅರ್ಧ ಗಂಟೆಯ ಬಗ್ಗೆ ನನ್ನ ನೆನಪೂ ಮೈದುನನ ಮಗನ ನೆನಪೂ ಹೊಂದುವುದಿಲ್ಲ. ಅವನು ಹಿಂದಿನ ಸೀಟಿನಲ್ಲಿ ಬಹುಪಾಲು ಕಣ್ಣು ಮುಚ್ಚಿದ್ದರಿಂದ ನನ್ನದನ್ನೇ ಪ್ರಮಾಣವೆಂದು ಇಡುತ್ತೇನೆ. ಕಾಡು ಎರಡೂ ಬದಿ ಒತ್ತಿಕೊಂಡು ಬಂದಿತ್ತು. ದಾರಿ ಮುಂದೆ ಕಾಣುತ್ತಲೇ ಇರಲಿಲ್ಲ. ದಿಬ್ಬದ ಆಚೆ ತಿರುವು ಎಡಕ್ಕೋ ಬಲಕ್ಕೋ ಎಂಬುದು ಏರಿದ ಮೇಲೆಯೇ ತಿಳಿಯುತ್ತಿತ್ತು. ಈ ದಾರಿಯ ಸವಾಲು ಏನೆಂದು ಆಗ ನನಗೆ ಅರ್ಥವಾಯಿತು. ಇಲ್ಲಿ ಕಣ್ಣಿಗಿಂತ ಮುಂದೆ ನೆನಪು ಓಡಬೇಕು. ದೊಡ್ಡವ್ವ ಅದಕ್ಕಾಗಿ ತಯಾರಾಗಿದ್ದರು. ತಿಂಗಳುಗಟ್ಟಲೆ ಗುರುವಾರದ ದಾರಿಯಲ್ಲಿ ನಾನು ನಕ್ಷೆ ಓದುತ್ತಿದ್ದೆ, ಅವರು ತಿರುವುಗಳನ್ನು ಸ್ತೋತ್ರದಂತೆ ಬಾಯಿಪಾಠ ಮಾಡುತ್ತಿದ್ದರು. ಜರ್ಮನ್ ಹೆಸರುಗಳು ನಾಲಿಗೆಗೆ ಒಗ್ಗದ ಕಡೆ ತಮ್ಮವೇ ಹೆಸರು. ಒಂದು ಕಡಿದಾದ ಇಳಿಜಾರು ನರಿಬಿಲ. ಕಾಂಕ್ರೀಟಿನ ಬಟ್ಟಲಿನಂತೆ ತಗ್ಗಿಗೆ ವಾಲಿದ, ಜಗತ್ಪ್ರಸಿದ್ಧವಾದ ಆ ಎಡತಿರುವು, ಜೋಳ ತುಂಬಿಡುವ ನೆಲಗುಂಡಿಯ ಹೆಸರಿನಲ್ಲಿ ಹಗೇವು.

"ಹಗೇವು ಬಂತು, ಗಟ್ಟಿ ಕೂಡ್ರಿ" ಎಂದವರೇ ಇಳಿಸಿದರು. ಹಲ್ಲು ಹಲ್ಲಿಗೆ ಬಡಿದವು. ಹಿಂದಿನಿಂದ "ಅಯ್ಯಯ್ಯೋ ಸಾವಕಾಶ!" ಎಂಬ ಕೂಗು. "ನಿಮ್ಮ ದೊಡ್ಡಪ್ಪನ ಜೀಪಿನ್ಯಾಗ ಇದಕ್ಕಿಂತ ಜಾಸ್ತಿ ಕುಣಿದೀನಿ, ಸುಮ್ಮ ಕೂಡು" ಎಂದರು ದೊಡ್ಡವ್ವ. ಮರಗಳ ಸಂದಿನಲ್ಲಿ ಕೋಟೆಯ ಗೋಪುರ ಒಮ್ಮೆ ಮಿಂಚಿದಾಗ ಬಲಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡರು. "ಕೈ! ಕೈ ಹಿಡಿ ದೊಡ್ಡವ್ವ!" ಎಂದು ಅವನು ಕಿರುಚಿದ. ಗಾಡಿಗಳು ಒಂದರ ಹಿಂದೊಂದು ಗುಡುಗಿ ನಮ್ಮನ್ನು ಹಿಂದಿಕ್ಕಿದವು. ಪ್ರತಿಯೊಂದಕ್ಕೂ ದೊಡ್ಡವ್ವ ಬಲದೀಪ ಹಾಕಿ, ಮನೆಗೆ ಬಂದ ಬೀಗರಿಗೆ ಹಾದಿ ಬಿಡುವಂತೆ ಸರಿದು ಕೊಟ್ಟರು. ಅವರ ಮುಖದಲ್ಲಿ ಭಯವಿರಲಿಲ್ಲ. ಗುಡಿಯೊಳಗೆ ತಿರುಗುವಾಗ ಇರುವ ಒಂದು ಗಂಭೀರವಾದ ನೆಮ್ಮದಿ ಇತ್ತು…

ಕೊನೆಗೆ ಉದ್ದನೆಯ ನೇರ ದಾರಿ ಸಿಕ್ಕಿತು. ಅಲ್ಲಿ ನಿಲ್ಲಿಸಿದ್ದ ಗೂಟಗಳು ಎಲ್ಲ ಗಾಡಿಗಳನ್ನೂ ಬದಿಯ ನಿಲ್ದಾಣದೊಳಕ್ಕೆ ತಿರುಗಿಸುತ್ತಿದ್ದವು. ಇಳಿದೆವು. ನೂರಾರು ಕಾರುಗಳ ಕಾದ ಬ್ರೇಕಿನ ಘಾಟು ಅಲ್ಲಿ ಕವಿದುಕೊಂಡಿತ್ತು. ಧೂಪದ ಮಾತು ಬಂದದ್ದು ಆಗಲೇ. ಮೈದುನನ ಮಗ ಬೆವರು ಒರೆಸಿಕೊಂಡು, ನಗುತ್ತ ಕೈ ಚಾಚಿದ.

"ಕೊಡು ದೊಡ್ಡವ್ವ, ಕೀಲಿ."

"ಯಾತರ ಕೀಲಿ?"

"ಸುತ್ತು ಮುಗೀತಲ್ಲ!"

"ಎಲ್ಲಿ ಮುಗೀತು? ಹೊಕ್ಕಿದ್ದು ಅಗೋ ಅಲ್ಲಿ. ಹೊರಬಿದ್ದಿದ್ದು ಇಲ್ಲಿ. ನಡುವಿನ ತುಂಡು ಯಾರು ತಿರಗತಾರ, ನಿಮ್ಮಪ್ಪ?"

ಅವನು ನೋಡಿದ. ನಾನೂ ನೋಡಿದೆ. ಸಂಗತಿ ಸ್ಪಷ್ಟವಿತ್ತು. ಸುಂಕದ ದಿನಗಳಲ್ಲಿ ನೇರ ದಾರಿಯ ಒಂದು ಭಾಗವನ್ನು ಗೂಟ ಹಾಕಿ ಮುಚ್ಚಿರುತ್ತಾರೆ. ಒಳಬಿಡುವುದು ಅದರ ಮುಂದಿನ ತುದಿಯಿಂದ, ಹೊರತರುವುದು ಅದರ ಹಿಂದಿನ ತುದಿಯಲ್ಲಿ. "ಇನ್ನೊಂದು ಟಿಕೀಟ ತರತೀನಿ, ಅದನ್ನೂ ಮುಗಸು" ಎಂದು ಅವನು ಹೊರಟ. ನಾನು ತಡೆದೆ. ಎಷ್ಟು ಟಿಕೀಟು ತಂದರೂ ಪ್ರತಿ ಸಲವೂ ಅದೇ ತುಂಡು ಉಳಿಯುತ್ತದೆ.

"ಹಂಗಾದ್ರ ನಿಲ್ದಾಣದ ಈ ಬದಿಯಿಂದ ಆ ಬದಿಗೆ ನಡದು ಮುಗಸು!"

"ಮೊಣಕಾಲು ನೋಯಾಕತ್ತಾವ" ಎಂದರು, ಪ್ರತಿ ಗುರುವಾರ ಆಲದ ಮರ ಸುತ್ತುವ ದೊಡ್ಡವ್ವ. ಆಮೇಲೆ ನನ್ನ ಕಡೆ ತಿರುಗಿದರು. "ಸಾಕ್ಷಿ ನೀನ ಅದಿ. ಪ್ರದಕ್ಷಿಣಿ ಸುರು ಆದ ಜಾಗಕ್ಕ ಬಂದು ಕೂಡಬೇಕೋ ಬ್ಯಾಡೋ? ಆಧಾರ ನೋಡಿ ಹೇಳು, ಮಾರಿ ನೋಡಿ ಅಲ್ಲ."

ನನ್ನ ವೃತ್ತಿಯಲ್ಲಿ ಅನೇಕ ತೀರ್ಮಾನಗಳನ್ನು ಬರೆದಿದ್ದೇನೆ. ಕೆಲವನ್ನು ಮುಂದೆ ತಿದ್ದಿಕೊಂಡೂ ಇದ್ದೇನೆ. ಅಂದು ಆ ಗುಡ್ಡದ ಮೇಲೆ ಕೊಟ್ಟದ್ದನ್ನು ಇಂದಿಗೂ ತಿದ್ದುವ ಅಗತ್ಯ ಕಂಡಿಲ್ಲ. ಆರಂಭದ ಬಿಂದುವನ್ನು ಮುಟ್ಟದ ರೇಖೆ ಸುತ್ತಲ್ಲ. ಸುತ್ತು ಪೂರ್ಣವಾಗಿಲ್ಲ. ಹಾಗೆಂದೆ. ಆಗ ದೊಡ್ಡವ್ವನ ತುಟಿಯ ಕೊನೆಯಲ್ಲಿ ಮೂಡಿದ ನಗು ನೋಡಿ ನನಗೆ ಅಕ್ಕಿ ಆರಿಸುತ್ತಿದ್ದ ಆ ಮಧ್ಯಾಹ್ನ ನೆನಪಾಯಿತು. ಸೋಲಾಪುರದ ಕಟ್ಟೆಯ ಮೇಲೆ "ಪೂರಾ?" ಎಂದು ಕೇಳುವಾಗಲೇ ಈ ತುಂಡು ಅವರ ಲೆಕ್ಕದಲ್ಲಿತ್ತು. ನಾಲ್ಕು ತಲೆಮಾರು ಸೌದಾ ಮಾಡಿದ ಮನೆಗೆ ಸೊಸೆಯಾಗಿ ಬಂದವರು ಅವರು. ಮೈದುನನ ಮಗ ಅಂಗಡಿಯಲ್ಲಿ ನಕ್ಕದ್ದಕ್ಕಿಂತ ಜೋರಾಗಿ ನಕ್ಕು, ಬಗ್ಗಿ ಅವರ ಕಾಲು ಮುಟ್ಟಿದ.

ಅದರ ನಂತರ ಅನೇಕ ವರ್ಷ ಬಿಳಿ ಕಾರು ಗುರುವಾರ ಗಲ್ಲಿಯಿಂದ ಹೊರಡುತ್ತಲೇ ಇತ್ತು. ಲೈಸೆನ್ಸನ್ನು ಮತ್ತೆ ಮಾಡಿಸಿಕೊಟ್ಟವನು ಅವನೇ. ಯಾರಾದರೂ ಕೇಳಿದರೆ, "ಏನ್ ಮಾಡೂದ್ರಿ, ದೊಡ್ಡವ್ವನ ಸುತ್ತು ಇನ್ನಾ ಮುಗದಿಲ್ಲ" ಎನ್ನುತ್ತಿದ್ದ. ಒಂದು ಗುರುವಾರ, ವಳಸಂಗ ದಾಟಿದ ಮೇಲೆ, ಎದುರು ಬಂದ ಸೈಕಲ್ಲು ತಮಗೆ ಕಾಣಲಿಲ್ಲವೆಂದು ದೊಡ್ಡವ್ವ ನನಗೆ ಹೇಳಿದರು. ಏನೂ ಆಗಿರಲಿಲ್ಲ. ಊರಿಗೆ ಬಂದು, ಅಂಗಡಿಗೇ ಹೋಗಿ, ಕೀಲಿಯನ್ನು ಅವನ ಮುಂದೆ ಇಟ್ಟರು.

"ಸುತ್ತು ಮುಗದಿಲ್ಲ, ತಿಳೀತಿಲ್ಲೋ? ನಾನಾಗಿ ಬಿಟ್ಟೀನಿ."

ಅವನು ಆ ದಿನ ನಗಲಿಲ್ಲ… ಮುಂದಿನ ಚಳಿಗಾಲ ಅವರು ಹೋದರು.

ಅಕ್ಕಲಕೋಟದ ಹೊರಗೆ ಬಸ್ಸಿನ ಚಕ್ರ ಆರುವ ತನಕ ನಾನು ಅಲ್ಲೇ ನಿಂತಿದ್ದೆ. ಆ ವಾಸನೆ ನಿಧಾನವಾಗಿ ತೆಳುವಾಗಿ, ಕೊನೆಗೆ ಹೊಲದ ಗಾಳಿಯಲ್ಲಿ ಕರಗಿತು. ಪಕ್ಕದಲ್ಲಿ ನಿಂತು ಅದಕ್ಕೊಂದು ಹೋಲಿಕೆ ಕೊಡುವವರು ಇರಲಿಲ್ಲ. ಮನೆಗೆ ಬಂದು ಹಳೆಯ ನಕ್ಷೆ ತೆಗೆದೆ. ಸುತ್ತಿನ ಉದ್ದ, ದಿಬ್ಬಗಳ ಎತ್ತರ, ಕಟ್ಟಿದ ವರ್ಷ, ಎಲ್ಲದರ ಎದುರಿಗೂ ಪರಿಶೀಲಿಸಿದ ಗುರುತು ಇದೆ. ಗೂಟಗಳ ನಡುವಿನ ಆ ತುಂಡಿನ ಅಳತೆಯ ಜಾಗ ಮಾತ್ರ ಖಾಲಿ. ಹುಡುಕಿದರೆ ಸಿಗುತ್ತದೆ. ಹುಡುಕುವುದಿಲ್ಲ. ಅಳತೆಯೊಂದು ಸಿಕ್ಕಿದರೆ ಯಾರಾದರೂ ಅದನ್ನು ಕೂಡಿಸಿ ದೊಡ್ಡವ್ವನ ಸುತ್ತು ಮುಗಿಸಿಬಿಟ್ಟಾರು.